ಬತ್ತಳಿಕೆ ಮತ್ತು ಭಾಗಲಬ್ಧ

ಕನ್ನಡದಲ್ಲಿ ಬತ್ತಳಿಕೆ, ಮಲಯಾಳದಲ್ಲಿ ಆವನಾಳಿ, ತೆಲುಗಿನಲ್ಲಿ ಅಮ್ಮುಲಪೊದಿ. ಮೂರು ನುಡಿಗಳಲ್ಲಿ ಚೀಲದ ಹೆಸರು ಬೇರೆ ಬೇರೆ. ಒಳಗಿರುವ ಬಾಣಕ್ಕೆ ಮಾತ್ರ ನಾವು ಅಂಬು ಎನ್ನುತ್ತೇವೆ, ಮಲಯಾಳಿಗಳು ಅಂಬ್ ಎನ್ನುತ್ತಾರೆ, ತೆಲುಗರು ಅಮ್ಮು ಎನ್ನುತ್ತಾರೆ. ಈ ಲೇಖನ ಶಬ್ದಗಳ ಕುರಿತದ್ದಲ್ಲ. ಕಳೆದ ಐವತ್ತು ವರ್ಷಗಳಿಂದ ಗಣಿತಶಾಸ್ತ್ರದ ಒಂದು ಶಾಖೆಯವರು ಬತ್ತಳಿಕೆ ಎಂಬ ಮಾತನ್ನೇ ಪಾರಿಭಾಷಿಕ ಪದವಾಗಿ ಬಳಸುತ್ತ ಬಂದಿದ್ದಾರೆ. ಅಲ್ಲಿ ಸಿದ್ಧವಾದ ಒಂದೆರಡು ವಿಚಾರಗಳು ಗಡಿಯಲ್ಲಿ ಬದುಕುವ ನಮ್ಮಂಥವರನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ನೈತಿಕ ಪ್ರಶ್ನೆಗೆ ಬೆಳಕು ಹಿಡಿಯುತ್ತವೆ ಎಂದು ನನಗನ್ನಿಸಿದೆ. ಒಬ್ಬ ಮನುಷ್ಯನನ್ನೋ ಒಂದು ಊರನ್ನೋ ಭಾಗ ಮಾಡಿ ತಿಳಿದುಕೊಳ್ಳುವ ಅಧಿಕಾರ ನೋಡುವವನಿಗೆ ಎಷ್ಟರ ಮಟ್ಟಿಗೆ ಇದೆ ಎಂಬುದೇ ಆ ಪ್ರಶ್ನೆ.

ಹೆಸರಿಟ್ಟವರು ಪಿಯೆರ್ ಗಾಬ್ರಿಯೆಲ್. ಫ್ರಾನ್ಸಿನ ಗಣಿತಜ್ಞ; ಜರ್ಮನಿಯ ಗಡಿಗೆ ತಾಗಿದ ಸ್ಟ್ರಾಸ್‌ಬರ್ಗ್, ಬಾನ್ ಮತ್ತು ಜ್ಯೂರಿಚ್ ವಿಶ್ವವಿದ್ಯಾನಿಲಯಗಳಲ್ಲಿ ಇದ್ದವರು. 1972ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಪ್ರಬಂಧ ಇರುವುದು ಜರ್ಮನ್ ಭಾಷೆಯಲ್ಲಿ. ಕೆಲವು ಬಿಂದುಗಳನ್ನು ಹಾಕಿ, ಅವುಗಳ ನಡುವೆ ಕೆಲವು ಬಾಣಗಳನ್ನು ಎಳೆದರೆ ಅದು ಒಂದು ಬತ್ತಳಿಕೆ. ಅಷ್ಟು ಮಾತ್ರ ಇದ್ದರೆ ಅದು ಬರಿಯ ಚಿತ್ರ. ಪ್ರತಿಯೊಂದು ಬಿಂದುವಿನಲ್ಲೂ ಒಂದು ವೆಕ್ಟರ್ ಸ್ಪೇಸನ್ನು ಕೂರಿಸಿ (ಇದನ್ನು ನಾನು ಇಲ್ಲಿ ಅಂಗಳ ಎಂದು ಕರೆಯುತ್ತೇನೆ), ಪ್ರತಿಯೊಂದು ಬಾಣಕ್ಕೂ ಒಂದು ಅಂಗಳದಲ್ಲಿರುವುದನ್ನು ಇನ್ನೊಂದು ಅಂಗಳಕ್ಕೆ ಸಾಗಿಸುವ ಕ್ರಮವನ್ನು ಗೊತ್ತುಮಾಡಿದರೆ ಅದು ಬತ್ತಳಿಕೆಯ ಪ್ರಾತಿನಿಧ್ಯ. ವಿಧಾನಸಭೆಯಲ್ಲಿ ನಮಗೆ ಪ್ರಾತಿನಿಧ್ಯ ಬೇಕು ಎನ್ನುವಾಗ ನಾವು ಬಳಸುವ ಶಬ್ದವೇ ಇದು. ಅರ್ಥ ಸ್ವಲ್ಪ ಬೇರೆ. ನಮ್ಮ ಕಡೆಯವರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಬತ್ತಳಿಕೆ ಯಕ್ಷಗಾನದ ಪ್ರಸಂಗವಿದ್ದಂತೆ, ಪ್ರಾತಿನಿಧ್ಯ ಅದರ ಒಂದು ರಾತ್ರಿಯ ಆಟವಿದ್ದಂತೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗ ಒಂದೇ ಇರಬಹುದು. ಮೇಳ ಬದಲಾದರೆ ಆಟ ಬದಲಾಗುತ್ತದೆ. ಪ್ರಸಂಗವನ್ನು ಪೂರ್ತಿ ಅರಿಯಬೇಕಾದವನು ಅದರ ಎಲ್ಲ ಆಟಗಳನ್ನೂ ನೋಡಬೇಕು. ಗಣಿತದಲ್ಲಿ ಪ್ರಾತಿನಿಧ್ಯ ಸಿದ್ಧಾಂತ ಎಂಬುದು ಹುಟ್ಟಿದ್ದೇ ಈ ಹಟದಿಂದ. ಪರಿಮಿತ ಆಯಾಮದ ಬೀಜಗಣಿತಗಳು ಎಂಬ ಅಮೂರ್ತ ರಚನೆಗಳನ್ನು ಅವು ಆಡುವ ಆಟಗಳ ಮೂಲಕ ತಿಳಿಯಬೇಕು. ಅವುಗಳ ಆಟವನ್ನು ಬತ್ತಳಿಕೆಯ ಚಿತ್ರದಲ್ಲಿ ಓದಬಹುದು ಎಂಬುದನ್ನು ಗಾಬ್ರಿಯೆಲ್ ತೋರಿಸಿಕೊಟ್ಟರು.

ಇನ್ನು ಊರಿನ ಮಾತು. ಕಾಸರಗೋಡಿನ ಓದುಗರಿಗೆ ಆಂಧ್ರದ ಗಡಿನಾಡು ಅಷ್ಟಾಗಿ ಪರಿಚಿತವಲ್ಲ. ನಾವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. ಅವರ ಕಥೆ ಮೂರು ವರ್ಷ ಹಿಂದಿನದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳನ್ನು ಒಳಗೊಂಡ ಅನಂತಪುರ ಜಿಲ್ಲೆ ಮದರಾಸಿನಿಂದ ಅಲ್ಲಿಗೆ ಹೋಯಿತು. ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳೂ ಅದರ ಜೊತೆಗೆ ಹೋದವು. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ವೀರಭದ್ರ ದೇವಾಲಯದ ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ಅಮರಾಪುರದ ಕಡೆಯ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಇವನ್ನು ಹೇಳುವುದು ಹಕ್ಕು ಸಾಧನೆಗಲ್ಲ. ಕಲ್ಲಿನ ಮೇಲಿನ ಲಿಪಿ ಇಂದಿನ ಮಗುವಿಗೆ ಪಾಠ ಹೇಳುವುದಿಲ್ಲ ಎಂಬುದು ನನಗೂ ಗೊತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ಈ ಎರಡು ಊರುಗಳ ನಡುವೆ ಇರುವುದು ಪಾವಗಡ. ಅದು ಕರ್ನಾಟಕದ ತುಮಕೂರು ಜಿಲ್ಲೆಯ ತಾಲೂಕು, ಆದರೆ ಅದರ ಸುತ್ತ ಬಹುಪಾಲು ಆಂಧ್ರ. ಹಿಂದೂಪುರದಿಂದ ಮಡಕಶಿರಾ, ಪಾವಗಡಗಳ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವನು ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗುತ್ತಾನೆ. ಉತ್ತರ ಪಿನಾಕಿನಿಯೂ ಹಾಗೆಯೇ: ನಂದಿಬೆಟ್ಟದ ಕಡೆ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಸೀಮೆಗೆ ಹೋಗಿ, ನಾಗಲಮಡಿಕೆಯ ಹತ್ತಿರ ಪಾವಗಡದ ನೆಲವನ್ನು ಮುಟ್ಟಿ, ಮತ್ತೆ ಅನಂತಪುರದ ಕಡೆ ತಿರುಗುತ್ತದೆ. ಇಲ್ಲೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಹಿಂದೂಪುರದಲ್ಲಿ ಕನ್ನಡ ಮನೆಮಾತಿನ ಕುಟುಂಬ ಕಚೇರಿಗೆ ಹೋಗುವಾಗ ತನ್ನ ಮಾತನ್ನು ತೆಲುಗಿಗೆ ಸಾಗಿಸಿಕೊಂಡು ಹೋಗುತ್ತದೆ. ಪಾವಗಡದಲ್ಲಿ ತೆಲುಗು ಮನೆಮಾತಿನವರು ಬಹಳ. ಅವರು ತಮ್ಮ ಮಾತನ್ನು ಕನ್ನಡಕ್ಕೆ ಸಾಗಿಸಿಕೊಂಡು ತಾಲೂಕು ಕಚೇರಿಗೆ ಹೋಗುತ್ತಾರೆ. ಬಸ್ಸು ಒಂದೇ, ರಸ್ತೆ ಒಂದೇ. ಗಡಿಯ ಕಲ್ಲು ದಾಟಿದೊಡನೆ ಬಾಣ ಮಾತ್ರ ತಿರುಗಿ ನಿಲ್ಲುತ್ತದೆ.

ಈಗ ಅತ್ಯಂತ ಸಣ್ಣ ಬತ್ತಳಿಕೆಯನ್ನು ತೆಗೆದುಕೊಳ್ಳೋಣ: ಎರಡು ಬಿಂದು, ಒಂದು ಬಾಣ. ಮೊದಲ ಬಿಂದುವಿನ ಅಂಗಳ ಐದು ಆಯಾಮದ್ದು, ಎರಡನೆಯದು ನಾಲ್ಕು ಆಯಾಮದ್ದು ಎಂದಿರಲಿ. ಐದು, ನಾಲ್ಕು ಎಂಬ ಈ ಎರಡು ಅಂಕಿಗಳನ್ನು ಕೊಟ್ಟರೆ ಪ್ರಾತಿನಿಧ್ಯ ಯಾವುದೆಂದು ಗೊತ್ತಾಗುತ್ತದೆಯೆ? ಇಲ್ಲ. ಬಾಣ ನಿಜವಾಗಿ ಎಷ್ಟನ್ನು ಸಾಗಿಸುತ್ತದೆ ಎಂಬ ಮೂರನೆಯ ಅಂಕಿಯೂ ಬೇಕು. ಅದು ಸೊನ್ನೆಯಿಂದ ನಾಲ್ಕರ ತನಕ ಯಾವುದೂ ಆಗಬಹುದು. ಆದ್ದರಿಂದ ಹೊರಗಿನಿಂದ ಎಣಿಸುವವನಿಗೆ ಒಂದೇ ಆಗಿ ಕಾಣುವ ಐದು ಬೇರೆ ಬೇರೆ ಲೋಕಗಳು ಇಲ್ಲಿವೆ. ಸಾಗಣೆ ಸೊನ್ನೆಯಾಗಿದ್ದರೆ ಎರಡು ಅಂಗಳಗಳು ಬೆನ್ನು ತಿರುಗಿಸಿ ಕುಳಿತಿವೆ. ಇದನ್ನು ನೇರ ಮೊತ್ತ ಎನ್ನುತ್ತಾರೆ, ಇದನ್ನು ಬೇರ್ಪಡಿಸಿದರೆ ಏನೂ ಹರಿಯುವುದಿಲ್ಲ. ಸಾಗಣೆ ನಾಲ್ಕಾಗಿದ್ದರೆ ನಾಲ್ಕು ಜೋಡಿಗಳು ಒಂದಕ್ಕೊಂದು ಕಟ್ಟಿಕೊಂಡಿವೆ.

ನಮ್ಮ ದೇಶದ ಜನಗಣತಿ ಎಣಿಸುವುದು ಅಂಗಳಗಳನ್ನು. 2011ರ ನಮೂನೆಯಲ್ಲಿ ಮಾತೃಭಾಷೆ ಯಾವುದು ಎಂಬ ಒಂದು ಪ್ರಶ್ನೆ, ಬಲ್ಲ ಇತರ ಭಾಷೆಗಳು ಯಾವುವು ಎಂಬ ಇನ್ನೊಂದು ಪ್ರಶ್ನೆ ಇದ್ದವು. ಮೊದಲನೆಯದಕ್ಕೆ ಒಂದೇ ಉತ್ತರ, ಎರಡನೆಯದಕ್ಕೆ ಎರಡರ ತನಕ. ಯಾವ ಭಾಷೆಯಿಂದ ಯಾವ ಭಾಷೆಗೆ, ಎಷ್ಟು, ಯಾವ ಒತ್ತಾಯದಿಂದ ಸಾಗಬೇಕಾಯಿತು ಎಂಬುದು ಆ ಕಾಗದದಲ್ಲಿ ಇಲ್ಲ. ಇಂಥ ಎಣಿಕೆಗಳನ್ನು ಮುಂದಿಟ್ಟುಕೊಂಡೇ ಹಿಂದೆ ರಾಜ್ಯಗಳ ಗೆರೆ ಎಳೆದರು. ಜಿಲ್ಲೆಯನ್ನು ಘಟಕವಾಗಿ ಹಿಡಿಯಬೇಕೋ ತಾಲೂಕನ್ನೋ ಗ್ರಾಮವನ್ನೋ ಎಂದು ವರ್ಷಗಟ್ಟಲೆ ವಾದ ನಡೆಯಿತು. 1967ರಲ್ಲಿ ಮಹಾಜನ ಆಯೋಗದ ವರದಿ ಬಂದ ಮೇಲೂ ನಮ್ಮಲ್ಲಿ ಅದು ನಿಲ್ಲಲಿಲ್ಲ. ಆ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಘಟಕ ದೊಡ್ಡದಿರಲಿ ಸಣ್ಣದಿರಲಿ, ಎರಡೂ ಪಕ್ಷದವರು ಕೈಯಲ್ಲಿ ಹಿಡಿದುಕೊಂಡಿದ್ದುದು ಅಂಗಳದ ಲೆಕ್ಕವನ್ನು ಮಾತ್ರ ಎಂಬುದಷ್ಟೇ ನನಗೆ ಮುಖ್ಯ.

ಇದಕ್ಕಿಂತ ಆಳವಾದ ವಿಷಯ ಮುಂದಿದೆ. ಎರಡೂ ಅಂಗಳಗಳು ಒಂದೊಂದೇ ಆಯಾಮದವು, ಬಾಣ ಸಾಗಿಸುತ್ತದೆ ಎಂದುಕೊಳ್ಳಿ. ಮೊದಲನೆಯದು ಮನೆಯ ಕನ್ನಡ, ಎರಡನೆಯದು ಪೇಟೆಯ ತೆಲುಗು. (ಕಾಸರಗೋಡಿನವರು ಮಲಯಾಳ ಎಂದು ಓದಿಕೊಳ್ಳಲಿ. ಮಂಗಳೂರಿನಲ್ಲಿ ನೆಲೆಸಿದ ಮಲಯಾಳಿ ಮಿತ್ರರು ಎರಡು ಹೆಸರುಗಳನ್ನೂ ಅದಲುಬದಲು ಮಾಡಿಕೊಳ್ಳಲಿ.) ಇದರ ಒಂದು ಭಾಗವನ್ನು ಮಾತ್ರ ತೆಗೆದರೆ ಅದು ತನ್ನ ಕಾಲ ಮೇಲೆ ನಿಲ್ಲುತ್ತದೆಯೆ ಎಂಬುದು ಪ್ರಶ್ನೆ. ಗಣಿತದಲ್ಲಿ ಇದಕ್ಕೆ ಒಂದೇ ನಿಯಮ: ಭಾಗದಿಂದ ಹೊರಟ ಬಾಣ ಭಾಗದ ಒಳಗೇ ಬೀಳಬೇಕು. ಪೇಟೆಯ ತೆಲುಗಿನಿಂದ ಯಾವ ಬಾಣವೂ ಹೊರಡುವುದಿಲ್ಲ. ಆದ್ದರಿಂದ ಅದು ತಾನೇ ನಿಲ್ಲುವ ಭಾಗ, ಅದು ಉಪಪ್ರಾತಿನಿಧ್ಯ. ಮನೆಯ ಕನ್ನಡದಿಂದ ಬಾಣ ಹೊರಡುತ್ತದೆ, ಅದು ಬೀಳುವುದು ಹೊರಗೆ. ಆದ್ದರಿಂದ ಅದು ಉಪಪ್ರಾತಿನಿಧ್ಯವಲ್ಲ. ಹಾಗಾದರೆ ಕನ್ನಡವನ್ನು ಬೇರೆಯಾಗಿ ಕಾಣುವ ದಾರಿ ಇಲ್ಲವೆ? ಇದೆ, ಒಂದೇ ಒಂದು. ತೆಲುಗಿನ ಅಂಗಳವನ್ನು ಸೊನ್ನೆ ಎಂದು ಭಾವಿಸಿ ಭಾಗಿಸಬೇಕು. ಉಳಿಯುವುದು ಕನ್ನಡ. ಶಾಲೆಯಲ್ಲಿ ನಾವು ಕಲಿತ ಭಾಗಲಬ್ಧ ಎಂಬ ಮಾತೇ ಇದಕ್ಕೂ ಸಲ್ಲುತ್ತದೆ.

ಇದನ್ನು ಮೊದಲ ಬಾರಿಗೆ ಗಮನಿಸಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಬಹುಸಂಖ್ಯಾತರು ಭಾಗವಾಗಿ ಸಿಗುತ್ತಾರೆ, ಅಲ್ಪಸಂಖ್ಯಾತರು ಭಾಗಲಬ್ಧವಾಗಿ ಮಾತ್ರ ಸಿಗುತ್ತಾರೆ. ಹಿಂದೂಪುರದ ತೆಲುಗನನ್ನು ಅವನ ಪಾಡಿಗೆ ಬಿಟ್ಟು ನೋಡಬಹುದು. ಹಿಂದೂಪುರದ ಕನ್ನಡಿಗನನ್ನು ಶುದ್ಧ ಕನ್ನಡಿಗನಾಗಿ ನೋಡಬೇಕೆಂದರೆ ಅವನ ಬದುಕಿನ ಅರ್ಧವನ್ನು ಸೊನ್ನೆ ಮಾಡಬೇಕು. ಬೆಂಗಳೂರಿನಿಂದ ಬರುವ ಸಭೆಯ ಭಾಷಣಕಾರರು ಮಾಡುವುದು ಇದನ್ನೇ. ಅವರು ನಮ್ಮನ್ನು ಅಪ್ಪಟ ಕನ್ನಡಿಗರೆಂದು ಹೊಗಳುತ್ತಾರೆ, ನಮ್ಮ ಮಾತಿನಲ್ಲಿ ಮಲಯಾಳದ ಒಂದು ಶಬ್ದ ಇಣುಕಿದರೆ ಮರುಗುತ್ತಾರೆ. ಅವರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಅದು ಭಾಗಿಸಿ ಉಳಿದದ್ದರ ಮೇಲಿನ ಪ್ರೀತಿ. ಇನ್ನೊಂದು ಕಡೆಯ ರಾಜಧಾನಿಗಳಿಗೆ ನಾವು ಕಾಣಿಸುವುದು ಅವರ ಭಾಷೆ ಬಲ್ಲ ಭಾಗವಾಗಿ. ‘ಇವರಿಗೆ ನಮ್ಮ ಭಾಷೆ ಬರುತ್ತದಲ್ಲ, ಬೇರೆ ಶಾಲೆ ಯಾಕೆ’ ಎಂಬ ಮಾತು ಅಲ್ಲಿಂದ ಬರುತ್ತದೆ. ಒಬ್ಬರು ನಮ್ಮ ಬಾಣದ ತುದಿಯನ್ನು ಅಳಿಸುತ್ತಾರೆ, ಇನ್ನೊಬ್ಬರು ಬುಡವನ್ನು ಅಳಿಸುತ್ತಾರೆ. ಎರಡು ತಪ್ಪುಗಳೂ ಸಮ ಎಂದು ನಾನು ಹೇಳುವುದಿಲ್ಲ. ಬುಡವನ್ನು ಅಳಿಸಿದರೆ ಮಗುವಿಗೆ ಅಧ್ಯಾಪಕ ತಪ್ಪುತ್ತಾನೆ, ತುದಿಯನ್ನು ಅಳಿಸಿದರೆ ಭಾಷಣ ಸ್ವಲ್ಪ ಉದ್ದವಾಗುತ್ತದೆ.

ಎರಡು ಬಿಂದುಗಳ ಈ ಜೋಡಿಯನ್ನು ಅವಿಭಾಜ್ಯ ಎನ್ನುತ್ತಾರೆ. ಇದನ್ನು ಎರಡಾಗಿ ಒಡೆದು ನೇರ ಮೊತ್ತವಾಗಿ ಬರೆಯಲಾಗದು. ಆದರೆ ಇದು ಸರಳವಲ್ಲ. ಒಳಗೆ ಯಾವ ಉಪಪ್ರಾತಿನಿಧ್ಯವೂ ಇಲ್ಲದ್ದು ಸರಳ. ಇದರೊಳಗೆ ಒಂದು ಇದೆಯಲ್ಲ. ಒಳಗೆ ಬೇರೆಯೊಂದು ಕಾಣಿಸುತ್ತದೆ ಎಂಬ ಮಾತ್ರಕ್ಕೆ ವಸ್ತು ಒಡೆಯುತ್ತದೆ ಎಂದು ತಿಳಿಯಬಾರದು. ಈ ಭೇದ ಎಲ್ಲ ಕಡೆಯೂ ಕಾಣುವುದಿಲ್ಲ. ಗಣಿತದಲ್ಲಿ ಗ್ರೂಪ್ ಎಂಬ ವ್ಯವಸ್ಥೆಯೊಂದಿದೆ. ಅಲ್ಲಿ ಹೋದ ಪ್ರತಿಯೊಂದಕ್ಕೂ ಹಿಂತಿರುಗುವ ದಾರಿ ಇರುತ್ತದೆ. ಪರಿಮಿತ ಗ್ರೂಪುಗಳ ಸಾಮಾನ್ಯ ಪ್ರಾತಿನಿಧ್ಯಗಳಲ್ಲಿ ಪ್ರತಿ ಭಾಗಕ್ಕೂ ಒಂದು ಪ್ರತಿಭಾಗ ಸಿಕ್ಕಿ, ಇಡಿಯದು ಅಚ್ಚುಕಟ್ಟಾಗಿ ಸರಳ ತುಂಡುಗಳಾಗಿ ಬಿಡಿಸಿಕೊಳ್ಳುತ್ತದೆ ಎಂದು ಮಾಷ್ಕೆ ಎಂಬವರು 19ನೆಯ ಶತಮಾನದ ಕೊನೆಯಲ್ಲಿ ತೋರಿಸಿದರು. ಅಲ್ಲಿ ಅವಿಭಾಜ್ಯವೂ ಸರಳವೂ ಒಂದೇ. ಭಾಷಾವಾರು ಪ್ರಾಂತ ರಚನೆಯ ಕಾಲದ ಹಿರಿಯರು ಜನಜೀವನವನ್ನು ಕಂಡದ್ದು ಬಹುಶಃ ಈ ಕಣ್ಣಿನಿಂದ. ಕನ್ನಡ ಒಂದು ಕಡೆ, ತೆಲುಗು ಒಂದು ಕಡೆ, ಮಲಯಾಳ ಒಂದು ಕಡೆ ಬಿಡಿಸಿಟ್ಟರೆ ಆಯಿತು. ಬದುಕಿನಲ್ಲಿ ಬಾಣಗಳು ಒಮ್ಮುಖವಾಗಿರುತ್ತವೆ; ಹೋದದ್ದೆಲ್ಲ ಹಿಂತಿರುಗುವುದಿಲ್ಲ.

ಉಪಮಾನ ಪ್ರಮಾಣವೇ ಎಂದು ಯಾರಾದರೂ ಕೇಳಬಹುದು. ನೈಯಾಯಿಕರು ಹೌದೆನ್ನುತ್ತಾರೆ, ಗಣಿತದವರು ಸುತರಾಂ ಒಪ್ಪುವುದಿಲ್ಲ. ಮನುಷ್ಯರು ವೆಕ್ಟರ್‌ಗಳಲ್ಲ. ಗಣಿತದಿಂದ ಹಿಂದೂಪುರದ ಬಗ್ಗೆ ಏನನ್ನೂ ಸಿದ್ಧಪಡಿಸಲಾಗದು. ಒಡೆಯದಿರುವುದು ಬೇರೆ, ಒಳಗೆ ಭೇದವಿಲ್ಲದಿರುವುದು ಬೇರೆ ಎಂಬ ವಿವೇಕವನ್ನು ಅದು ಕಲಿಸುತ್ತದೆ. ಈ ವಿವೇಕ ರಾಜಕೀಯದ ಮಾತಿನಲ್ಲಿ ಎಲ್ಲೂ ಸಿಗದೆ ಹೋದದ್ದರಿಂದ ನಾನು ಇಲ್ಲಿಗೆ ಬಂದೆ.

ಬಾಣವನ್ನು ತಿರುಗಿಸಿದರೆ ಏನಾಗುತ್ತದೆ? 1973ರಲ್ಲಿ ಬರ್ನ್‌ಸ್ಟೈನ್, ಗೆಲ್‌ಫಾಂಡ್, ಪೊನೊಮರೆವ್ ಎಂಬ ಸೋವಿಯತ್ ಗಣಿತಜ್ಞರು ಇದನ್ನು ವಿವರವಾಗಿ ನೋಡಿದರು. ಗಾಬ್ರಿಯೆಲ್ಲರ ಪ್ರಮೇಯ ಸಲ್ಲುವ ಬತ್ತಳಿಕೆಗಳಲ್ಲಿ ಬಾಣಗಳ ದಿಕ್ಕು ಬದಲಾದರೂ ಅವಿಭಾಜ್ಯಗಳ ಸಂಖ್ಯೆ ಬದಲಾಗುವುದಿಲ್ಲ; ನಮ್ಮ ಎರಡು ಬಿಂದುವಿನ ಚಿತ್ರದಲ್ಲಿ ಅದು ಯಾವಾಗಲೂ ಮೂರು. ಹಿಂದೂಪುರ, ಪಾವಗಡ, ಕಲ್ಯಾಣದುರ್ಗಗಳಂತೆ ಮೂರು ಬಿಂದುಗಳನ್ನು ಸಾಲಾಗಿ ಇಟ್ಟರೆ ಯಾವಾಗಲೂ ಆರು. ಆದರೆ ಭಾಗವಾಗಿದ್ದದ್ದು ಭಾಗಲಬ್ಧವಾಗುತ್ತದೆ, ಭಾಗಲಬ್ಧವಾಗಿದ್ದದ್ದು ಭಾಗವಾಗುತ್ತದೆ. ಪಾವಗಡದ ತೆಲುಗರಿಗೆ ಆಗಿರುವುದು ಇದೇ. ನಮಗೆ ನ್ಯಾಯ ಕೇಳುವಾಗ ಅವರನ್ನು ಮರೆತರೆ ನಾವು ಕೇಳುತ್ತಿರುವುದು ನ್ಯಾಯವಲ್ಲ, ಬಾಣದ ಇನ್ನೊಂದು ತುದಿ ಮಾತ್ರ.

ಬಾಣ ಎರಡೂ ದಿಕ್ಕಿಗೆ ಇದ್ದರೆ? ಇದು ನನಗೆ ಅತ್ಯಂತ ಪ್ರಿಯವಾದ ಉದಾಹರಣೆ. ಎರಡು ಬಿಂದುಗಳ ನಡುವೆ ಹೋಗುವ ಬಾಣ ಒಂದು, ಬರುವ ಬಾಣ ಒಂದು, ಎರಡೂ ನಿಜವಾಗಿ ಸಾಗಿಸುತ್ತವೆ. ಆಗ ಯಾವ ಅಂಗಳವೂ ತಾನೊಂದೇ ನಿಲ್ಲಲಾರದು. ಭಾಗವೇ ಇಲ್ಲ, ಆದ್ದರಿಂದ ಭಾಗಲಬ್ಧವೂ ಇಲ್ಲ. ಗಣಿತದವರು ಇದನ್ನು ಸರಳ ಎಂದು ಕರೆಯುತ್ತಾರೆ. ಪರಸ್ಪರವಾದ ದ್ವಿಭಾಷಿಕತೆ ಸರಳ, ಒಮ್ಮುಖದ್ದು ಸರಳವಲ್ಲ. ಈ ಪರಿಭಾಷೆಯನ್ನು ರೂಪಿಸಿದವರಿಗೆ ನಮ್ಮ ಊರುಗಳ ಪರಿಚಯ ಇರಲಿಲ್ಲ ಎಂಬುದು ಆಶ್ಚರ್ಯ! ಅಂಥ ಬಾಳಿಗೆ ಸಾಕ್ಷಿ ಬೇಕಾದರೆ ಕಲ್ಯಾಣದುರ್ಗದ ಸೀಮೆಯ ರಾಳ್ಳಪಲ್ಲಿಯಿಂದ ಬಂದ ಅನಂತಕೃಷ್ಣ ಶರ್ಮರನ್ನು (1893–1979) ನೆನೆಯಬಹುದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ತೆಲುಗು ಪಾಠ ಹೇಳಿದರು. ಪ್ರಾಕೃತದ ಗಾಥಾಸಪ್ತಶತಿಯನ್ನು ತೆಲುಗಿಗೆ ತಂದರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಬರೆದರು. ಆಮೇಲೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಗೆ ಕುಳಿತರು. ಅವರಲ್ಲಿ ಕನ್ನಡ ಎಷ್ಟು, ತೆಲುಗು ಎಷ್ಟು ಎಂದು ಲೆಕ್ಕ ಹಾಕಲು ಹೊರಟವನು ಏನನ್ನು ಸೊನ್ನೆ ಮಾಡುತ್ತಾನೆ? ನಮ್ಮಲ್ಲೂ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು.

ತುಳು, ಕೊಂಕಣಿಗಳ ಹೆಸರು ಬಂದೊಡನೆ ಲೆಕ್ಕ ಕಠಿನವಾಗುತ್ತದೆ. ನಡುವೆ ಪೇಟೆ ಎಂಬ ಬಿಂದು, ಸುತ್ತ ಮನೆಮಾತುಗಳು, ಪ್ರತಿ ಮನೆಯಿಂದಲೂ ಪೇಟೆಗೆ ಒಂದು ಬಾಣ ಎಂಬ ಚಿತ್ರವನ್ನು ಊಹಿಸಿಕೊಳ್ಳಿ. ಹಿಂದೂಪುರದ ಪೇಟೆಗೆ ಕನ್ನಡ, ತೆಲುಗು, ಉರ್ದು ಎಂಬ ಮೂರು ಮನೆಗಳಿಂದ ಬಾಣ ಬರುತ್ತವೆ ಎನ್ನೋಣ. ಆಗ ಅವಿಭಾಜ್ಯಗಳು ಹನ್ನೆರಡು. ಹನ್ನೊಂದರಲ್ಲಿ ಯಾವ ಅಂಗಳವೂ ಒಂದು ಆಯಾಮವನ್ನು ಮೀರುವುದಿಲ್ಲ. ಹನ್ನೆರಡನೆಯದರಲ್ಲಿ ಮಾತ್ರ ಪೇಟೆಯ ಅಂಗಳ ಎರಡು ಆಯಾಮಕ್ಕೆ ಹಿಗ್ಗುತ್ತದೆ; ಮೂರು ಮನೆಗಳಿಂದ ಬಂದ ಮೂರು ಗೆರೆಗಳು ಒಂದರ ಮೇಲೊಂದು ಬೀಳದೆ ಅಲ್ಲಿ ನಿಲ್ಲುತ್ತವೆ. ನಾಲ್ಕು ಮನೆಗಳಾದರೆ ಪಟ್ಟಿ ಮುಗಿಯುವುದಿಲ್ಲ, ಆದರೂ ಕ್ರಮವಾಗಿ ವಿವರಿಸಬಹುದು. ಐದಾದರೆ ಅದಕ್ಕೆ ಇಟ್ಟ ಹೆಸರೇ ‘ಕಾಡು’. ಪರಿಮಿತ ಆಯಾಮದ ಬೀಜಗಣಿತಗಳು ಒಂದೋ ಪಳಗುವ ಜಾತಿಯವು, ಇಲ್ಲವೇ ಕಾಡು ಜಾತಿಯವು, ಎರಡೂ ಆಗಿರುವುದು ಸಾಧ್ಯವಿಲ್ಲ ಎಂದು ದ್ರೋಜ್ದ್ ಎಂಬವರು 1970ರ ದಶಕದ ಕೊನೆಯಲ್ಲಿ ಸಾಧಿಸಿದರು. ಕಾಡು ಜಾತಿಯದನ್ನು ಪೂರ್ತಿ ಪಟ್ಟಿ ಮಾಡಬಲ್ಲೆ ಎನ್ನುವವನು ಆ ಬಗೆಯ ಸಮಸ್ತ ಪಟ್ಟಿಗಳನ್ನೂ ಒಟ್ಟಿಗೆ ಮಾಡಿದಂತಾಗುತ್ತದೆ. ಕಾಸರಗೋಡನ್ನು ನಾವು ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಏಳು! ವೇದಿಕೆಯ ಅಲಂಕಾರಕ್ಕೆ ಬಳಸುವ ಆ ಮಾತಿನ ಭಾರವನ್ನು ನಾವೇ ಪೂರ್ತಿ ಹೊತ್ತು ನೋಡಿಲ್ಲ.

ಪಟ್ಟಿ ಮಾಡಲಾಗದಿದ್ದರೂ ತೀರ್ಮಾನ ಮಾಡಲೇಬೇಕಾಗುತ್ತದೆ, ಸರಕಾರ ನಡೆಯಬೇಕಲ್ಲ. ಇಲ್ಲಿ ತೂಕದ ಪ್ರಶ್ನೆ ಬರುತ್ತದೆ. 1965ರಲ್ಲಿ ನಮ್ಮವರೇ ಆದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ ಸ್ಥಿರತೆ ಎಂಬ ಕಲ್ಪನೆಯ ಕುರಿತು ಒಂದು ಮಹತ್ವದ ಪ್ರಮೇಯವನ್ನು ಸಾಧಿಸಿದರು. (ನರಸಿಂಹನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರಲ್ಲಿ ಅಲ್ಲೇ ತೀರಿಕೊಂಡರು.) ಅದು ಬೇರೆ ಕ್ಷೇತ್ರದ್ದು; ಆದರೆ ಆ ಸ್ಥಿರತೆಯ ಕಲ್ಪನೆಯನ್ನು 1994ರಲ್ಲಿ ಕಿಂಗ್ ಎಂಬ ಗಣಿತಜ್ಞ ಬತ್ತಳಿಕೆಗಳಿಗೂ ಹೊಂದಿಸಿದರು. ಪ್ರತಿ ಬಿಂದುವಿಗೂ ಒಂದು ತ���ಕ ಕೊಡಬೇಕು. ಒಳಗಿನ ಯಾವ ಭಾಗವೂ ಇಡಿಯದಕ್ಕಿಂತ ಮಿಗಿಲಾಗಿ ತೂಗದಿದ್ದರೆ ಇಡಿಯದು ಸ್ಥಿರ. ನಮ್ಮ ಒಂದು ಬಾಣದ ಜೋಡಿ ಒಂದು ಬಗೆಯ ತೂಕಕ್ಕೆ ಸ್ಥಿರ, ಅದಕ್ಕೆ ವಿರುದ್ಧವಾದ ತೂಕಕ್ಕೆ ಅಸ್ಥಿರ. ಜೋಡಿ ಮಾತ್ರ ಬದಲಾಗಲೇ ಇಲ್ಲ. ತೂಕದ ಬಟ್ಟನ್ನು ಆರಿಸುವುದು ಗಣಿತವಲ್ಲ, ನಾವು.

ನಮ್ಮ ಬಟ್ಟುಗಳು ಯಾವುವು? 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಪ್ರಕಾರ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಒಬ್ಬ ಅಧ್ಯಾಪಕ. 1956ರ ಕೇಂದ್ರದ ಜ್ಞಾಪನಪತ್ರದ ಪ್ರಕಾರ ಶೇ. 70ರಷ್ಟು ಜನ ಒಂದೇ ಭಾಷೆಯವರಾದರೆ ಏಕಭಾಷಾ ರಾಜ್ಯ, ಶೇ. 30ರಷ್ಟು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಾ ರಾಜ್ಯ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆ ಹೇಳುತ್ತದೆ. ಈ ಅಂಕಿಗಳನ್ನು ಹೀಗಳೆಯುವ ಮನಸ್ಸು ನನಗಿಲ್ಲ. ನಮಗೆ ಉಳಿದಿರುವ ಶಾಲೆಗಳು ಈ ಅಂಕಿಗಳಿಂದಲೇ ಉಳಿದಿವೆ. ಆದರೆ ಇವು ಅಂಗಳವನ್ನು ತೂಗುವ ಬಟ್ಟುಗಳು. ಬಾಣದ ಬುಡದಲ್ಲಿ ನಿಂತವನು ತನ್ನ ಮಾತನ್ನು ದಿನವೂ ಹೊತ್ತು ಸಾಗಿಸುವ ಶ್ರಮವನ್ನು ಅವು ತೂಗುವುದಿಲ್ಲ. ಒಂಬತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿ ಮಗು ಸಾಗಿಸುವ ಭಾರ ಹತ್ತು ಮಕ್ಕಳಿರುವ ತರಗತಿಯ ಮಗುವಿನದಕ್ಕಿಂತ ಹೆಚ್ಚೇ ಇರುತ್ತದೆ. ಎಷ್ಟು ಕಡಿಮೆ ಜನವೋ ಅಷ್ಟು ಹೆಚ್ಚು ಭಾರ. ನಮ್ಮ ತಕ್ಕಡಿ ಇದಕ್ಕೆ ನೇರ ವಿರುದ್ಧವಾಗಿ ಬಾಗುತ್ತದೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ಗೊತ್ತಾಗಿದೆ. ಹಳೆಯ ನಮೂನೆಯಂತೆಯೇ ಕೇಳಿದರೆ, ಮಡಕಶಿರಾದ ಒಂದು ಮನೆಯವರು ಮೊದಲ ಕಾಲಂನಲ್ಲಿ ಕನ್ನಡ, ಎರಡನೆಯದರಲ್ಲಿ ತೆಲುಗು ಎಂದು ಬರೆಸುತ್ತಾರೆ. ಪಾವಗಡದ ಒಂದು ಮನೆಯವರು ತೆಲುಗು, ಕನ್ನಡ ಎಂದು ಬರೆಸುತ್ತಾರೆ. ನಮ್ಮ ದೇಶದಲ್ಲಿ ಗಣತಿಗೆ ಬಾಗಿಲಿಗೆ ಬರುವವರು ಹೆಚ್ಚಾಗಿ ಸಮೀಪದ ಶಾಲೆಯ ಅಧ್ಯಾಪಕರೇ. ನಿಮ್ಮ ಮಾತೃಭಾಷೆ ಯಾವುದು ಎಂಬ ಪ್ರಶ್ನೆಯನ್ನು ಅವರು ಯಾವ ಭಾಷೆಯಲ್ಲಿ ಕೇಳಿದರು ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.